ಪಿಕಪ್ ಗಾಡಿಯ ಬಾಗಿಲು ಕಿರುಗುಟ್ಟುತ್ತಿದೆಯೇ? ಕಾರಣ ಮತ್ತು ಪರಿಹಾರ

ಒಕ್ಕಲುತನದಲ್ಲಿ ಎತ್ತಿನ ಚಕ್ಕಡಿಗೆ ಇದ್ದ ಸ್ಥಾನವನ್ನು ಇಂದು ಬಹಳ ಊರುಗಳಲ್ಲಿ ಪಿಕಪ್ ಗಾಡಿ ಪಡೆದುಕೊಂಡಿದೆ. ಯಮಕನಮರಡಿಯ ಸುತ್ತಲಿನ ಹಳ್ಳಿಗಳನ್ನೇ ನೋಡಿರಿ. ಬೆಳಗಾವಿಯ ಪೇಟೆಗೆ ಕಾಯಿಪಲ್ಲೆ, ಸಂಕೇಶ್ವರಕ್ಕೆ ಬೆಲ್ಲ, ಹೊಲಕ್ಕೆ ಬೀಜದ ಕಬ್ಬು, ಸೊಸೈಟಿಯಿಂದ ಗೊಬ್ಬರ, ಇವೆಲ್ಲ ಈ ಸಣ್ಣ ಗಾಡಿಗಳಲ್ಲಿಯೇ ಸಾಗುತ್ತವೆ. 2005ರಲ್ಲಿ ಟಾಟಾ ಏಸ್ ಬಂದ ಮೇಲೆ ಸಣ್ಣ ಹಿಡುವಳಿದಾರರಿಗೂ ಇಂಥ ವಾಹನ ಕೈಗೆಟುಕಿತು. ಮಹೀಂದ್ರ ಬೊಲೆರೊ ಪಿಕಪ್, 2011ರಲ್ಲಿ ಬಂದ ಅಶೋಕ್ ಲೇಲ್ಯಾಂಡ್ ದೋಸ್ತ್ ಮುಂತಾದವು ಇಂದು ಹೊಲದ ದಾರಿಗಳಲ್ಲಿ ಸಾಮಾನ್ಯವಾಗಿವೆ.

ಈ ಗಾಡಿಗಳ ಎಂಜಿನ್, ಬ್ರೇಕ್, ಟೈರುಗಳ ಬಗ್ಗೆ ನಮ್ಮ ರೈತರು ಸಾಕಷ್ಟು ಕಾಳಜಿ ವಹಿಸುತ್ತಾರೆ. ಆದರೆ ಬಾಗಿಲು ಕಿರುಗುಟ್ಟತೊಡಗಿದರೆ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ‘ಹಳೆಯ ಗಾಡಿ, ಸದ್ದು ಮಾಡಿಯೇ ಮಾಡುತ್ತದೆ’ ಎಂದು ಸುಮ್ಮನಾಗುತ್ತಾರೆ, ಇಲ್ಲವೆ ಅಡಿಗೆಮನೆಯ ಎಣ್ಣೆಯನ್ನೇ ನಾಲ್ಕು ಹನಿ ಬಿಟ್ಟು ಕೈ ತೊಳೆದುಕೊಳ್ಳುತ್ತಾರೆ. ಇವೆರಡೂ ಸರಿಯಲ್ಲ. ಸದ್ದು ರೋಗವಲ್ಲ, ರೋಗದ ಲಕ್ಷಣ. ಬೆಳೆಯ ಎಲೆ ಹಳದಿಯಾದಾಗ ಕಾರಣ ತಿಳಿಯದೆ ಯೂರಿಯಾ ಹಾಕಿದರೆ ಏನಾಗುತ್ತದೆ ಎಂಬುದು ನಿಮಗೆ ಗೊತ್ತಿದೆ. ಸಾರಜನಕದ ಕೊರತೆಯಿದ್ದರೆ ಮೊದಲು ಹಳೆಯ ಎಲೆಗಳು ಹಳದಿಯಾಗುತ್ತವೆ. ಕಬ್ಬಿಣದ ಕೊರತೆಯಿದ್ದರೆ ಎಳೆಯ ಎಲೆಗಳು ಬಿಳಿಚಿಕೊಳ್ಳುತ್ತವೆ. ಎಲ್ಲಿ ಮೊದಲು ಕಂಡಿತು ಎಂಬುದನ್ನು ನೋಡಿಯೇ ಮದ್ದು ಮಾಡಬೇಕು. ಬಾಗಿಲಿನ ಸದ್ದಿಗೂ ಇದೇ ನಿಯಮ.

ಸದ್ದನ್ನು ಏಕೆ ಕಡೆಗಣಿಸಬಾರದು?

ಬಾಗಿಲಿನ ಭಾರವನ್ನೆಲ್ಲ ಎರಡು ಬಿಜಾಗರಿಗಳು ಹೊರುತ್ತವೆ. ಬಾಗಿಲು ಮುಚ್ಚಿದಾಗ ಅದನ್ನು ಹಿಡಿದಿಡುವುದು ಲಾಕು ಮತ್ತು ಬಾಗಿಲ ಕಂಬಕ್ಕೆ ಕೂಡಿಸಿದ ಕೊಂಡಿ. ಬಿಜಾಗರಿಯ ಮೊಳೆ ಸವೆದರೆ ಬಾಗಿಲು ತುಸು ಕೆಳಗೆ ಜಗ್ಗುತ್ತದೆ. ಜಗ್ಗಿದ ಬಾಗಿಲಿನ ಲಾಕು ಕೊಂಡಿಯ ನಡುಮಧ್ಯಕ್ಕೆ ಕೂಡ್ರದೆ ಅಂಚಿಗೆ ಕೂಡ್ರುತ್ತದೆ. ಲಾಕಿಗೆ ಎರಡು ಹಂತಗಳಿವೆ: ಮೊದಲನೆಯದು ಅರ್ಧ ಹಿಡಿತ, ಎರಡನೆಯದು ಪೂರ್ತಿ ಹಿಡಿತ. ಜಗ್ಗಿದ ಬಾಗಿಲು ಬಹಳ ಸಲ ಅರ್ಧ ಹಿಡಿತದಲ್ಲಿಯೇ ನಿಲ್ಲುತ್ತದೆ. ನೋಡುವವರಿಗೆ ಮುಚ್ಚಿದಂತೆಯೇ ಕಾಣುತ್ತದೆ.

ಇಂಥ ಬಾಗಿಲಿಗೆ ಒರಗಿ ಕೂತವರು ಹೆಚ್ಚಾಗಿ ಹೆಣ್ಣುಮಕ್ಕಳು ಇಲ್ಲವೆ ಶಾಲೆಯ ಹುಡುಗರು. ಹೊಲದ ದಾರಿಯಲ್ಲಿ ನಿಧಾನವಾಗಿ ಸಾಗುವಾಗ ಏನೂ ಆಗಲಿಕ್ಕಿಲ್ಲ. ಆದರೆ ಅದೇ ಗಾಡಿ ಹತ್ತರಗಿಯ ಹತ್ತಿರ ಹೆದ್ದಾರಿ 48ನ್ನು ಹಿಡಿದು ವಂಟಮುರಿ ಘಾಟಿನ ತಿರುವುಗಳಲ್ಲಿ ವೇಗವಾಗಿ ಸಾಗುವಾಗ ಬಾಗಿಲು ತೆರೆದುಕೊಂಡರೆ ಗತಿಯೇನು? ಕೆಲವರು ಮುಚ್ಚದ ಬಾಗಿಲನ್ನು ಹಗ್ಗದಿಂದ ಕಟ್ಟಿಕೊಂಡು ತಿರುಗುತ್ತಾರೆ. ಅಪಘಾತವಾದಾಗ ಅಥವಾ ಬೆಂಕಿ ಹೊತ್ತಿದಾಗ ಒಳಗಿದ್ದವರು ಹೊರಬರಲಾರದೆ ಸಿಕ್ಕಿಕೊಳ್ಳುವುದು ಇಂಥ ಕಟ್ಟಿನಿಂದಲೇ. ಆದ್ದರಿಂದ ಕಿರುಗುಟ್ಟುವ ಸದ್ದನ್ನು ಬಾಗಿಲು ಕೊಡುವ ಮುನ್ಸೂಚನೆಯೆಂದು ತಿಳಿಯಬೇಕು.

ಸದ್ದು ಹೇಗೆ ಹುಟ್ಟುತ್ತದೆ?

ಎರಡು ಮೈಗಳು ಒಂದಕ್ಕೊಂದು ತಾಗಿ ಜಾರುವಾಗ ನಡುವೆ ಎಣ್ಣೆಯ ತೆಳುಪದರವಿದ್ದರೆ ಜಾರುವಿಕೆ ಸಮನಾಗಿ ನಡೆಯುತ್ತದೆ. ಆ ಪದರ ಹರಿದುಹೋದರೆ ಮೈಗಳು ಕ್ಷಣಕಾಲ ಅಂಟಿ ನಿಲ್ಲುತ್ತವೆ, ಒತ್ತಡ ಹೆಚ್ಚಾದಾಗ ತಟ್ಟನೆ ಜಾರುತ್ತವೆ, ಮತ್ತೆ ಅಂಟುತ್ತವೆ. ಈ ಅಂಟು-ಜಾರು ಒಂದು ಸೆಕೆಂಡಿಗೆ ನೂರಾರು ಸಲ ನಡೆದಾಗ ಅದು ಕಿವಿಗೆ ‘ಕಿರ್’ ಎಂದು ಕೇಳುತ್ತದೆ. ಸಾರಂಗಿಯ ತಂತಿಯ ಮೇಲೆ ಕಮಾನು ಎಳೆದಾಗ ನಾದ ಹುಟ್ಟುವುದೂ, ಎಣ್ಣೆ ಕಾಣದ ಬಾವಿಯ ಗಡಗಡಿ ಕೂಗುವುದೂ ಇದೇ ರೀತಿಯಿಂದ.

ನಮ್ಮ ಭಾಗದಲ್ಲಿ ಈ ಪದರ ಬೇಗ ಹಾಳಾಗಲು ಮುಖ್ಯ ಕಾರಣಗಳು ಮೂರು.

1. ಧೂಳು: ಹುಕ್ಕೇರಿ ತಾಲೂಕಿನ ಪಡುವಣ ಭಾಗದ ಕೆಂಪು ಮಸಾರಿ ಮತ್ತು ಗರಸಿನ ದಾರಿಯ ಧೂಳಿನಲ್ಲಿ ಬೆಣಚುಕಲ್ಲಿನ ಸಣ್ಣ ಕಣಗಳಿರುತ್ತವೆ. ಇವು ಸಾದಾ ಉಕ್ಕಿಗಿಂತ ಗಟ್ಟಿ. ಹಳೆಯ ಎಣ್ಣೆಯಲ್ಲಿ ಈ ಕಣಗಳು ಸೇರಿದರೆ ಅದು ಸಾಣೆಯ ಹಿಟ್ಟಿನಂತಾಗಿ ಮೊಳೆಯನ್ನು ತಿನ್ನುತ್ತದೆ. ಗೋಕಾಕ, ಮೂಡಲಗಿ ಕಡೆಯ ಎರೆಮಣ್ಣು ಬೇರೆ ಬಗೆಯಲ್ಲಿ ಕಾಡುತ್ತದೆ. ಹಸಿಯಾದಾಗ ಮೆತ್ತಿಕೊಂಡು, ಒಣಗಿದಾಗ ಬಿರುಸಾಗಿ ಬಾಗಿಲ ಕೆಳಗಿನ ತೂತುಗಳನ್ನು ಮುಚ್ಚಿಬಿಡುತ್ತದೆ.

2. ಗೊಬ್ಬರ ಮತ್ತು ಔಷಧಿ: ಯೂರಿಯಾ, ಪೊಟ್ಯಾಷ್ ಮುಂತಾದವು ಗಾಳಿಯ ತೇವವನ್ನು ಎಳೆದುಕೊಳ್ಳುತ್ತವೆ. ಮ್ಯೂರಿಯೇಟ್ ಆಫ್ ಪೊಟ್ಯಾಷಿನಲ್ಲಿರುವ ಕ್ಲೋರೈಡು ಉಪ್ಪಿನಂತೆಯೇ ಕಬ್ಬಿಣಕ್ಕೆ ಬೇಗ ತುಕ್ಕು ಹಿಡಿಸುತ್ತದೆ. ಮೈಲುತುತ್ತೆಯ ದ್ರಾವಣವಂತೂ ಕಬ್ಬಿಣದ ವೈರಿ. ಬೋರ್ಡೋ ದ್ರಾವಣದಲ್ಲಿ ಕಬ್ಬಿಣದ ಚೂರಿಯನ್ನು ಅದ್ದಿ ನೋಡುವ ಪರೀಕ್ಷೆ ನಿಮಗೆ ಗೊತ್ತಿದೆ. ಸುಣ್ಣ ಕಡಿಮೆಯಾಗಿದ್ದರೆ ಚೂರಿಯ ಮೇಲೆ ತಾಮ್ರದ ಕೆಂಪು ಲೇಪ ಕೂಡ್ರುತ್ತದೆ. ಅಂದರೆ ಅಷ್ಟು ಕಬ್ಬಿಣ ಕರಗಿ ಹೋಯಿತೆಂದೇ ಅರ್ಥ. ಇಂಥ ಕ್ಯಾನನ್ನು ಮುಂದಿನ ಸೀಟಿನ ಕಾಲಬಳಿ ಇಟ್ಟು ಒಯ್ಯುವಾಗ ಸೋರಿದ ಹನಿ ಕೆಳಗಿನ ಬಿಜಾಗರಿಗೂ ಬಾಗಿಲ ಅಂಚಿಗೂ ಇಳಿಯುತ್ತದೆ. ಕೀಟನಾಶಕಗಳನ್ನು ಜನ ಕೂಡ್ರುವ ಜಾಗದಲ್ಲಿ ಇಡುವುದು ಆರೋಗ್ಯದ ದೃಷ್ಟಿಯಿಂದಲೂ ತಪ್ಪು.

3. ಮಿತಿಮೀರಿದ ಹೇರು: ಗಾಡಿಯ ತಾಕತ್ತಿಗಿಂತ ಹೆಚ್ಚು ಹೇರಿ ತಗ್ಗು-ದಿಣ್ಣೆಯ ದಾರಿಯಲ್ಲಿ ಓಡಿಸಿದರೆ ಚಾಸಿ ತಿರುಚಿಕೊಳ್ಳುತ್ತದೆ. ಅದರೊಡನೆ ಕ್ಯಾಬಿನ್ ಕೂಡ ತಿರುಚುತ್ತದೆ. ಬಾಗಿಲು ತನ್ನ ಚೌಕಟ್ಟಿನಲ್ಲಿ ಅತ್ತಿತ್ತ ತಿಕ್ಕುತ್ತದೆ. ಚಾಸಿ ಮತ್ತು ಕ್ಯಾಬಿನ್ ನಡುವಿನ ರಬ್ಬರ್ ಬುಷ್‌ಗಳು ಕುಗ್ಗಿದರೆ ಇದು ಇನ್ನೂ ಹೆಚ್ಚು.

ಸದ್ದಿನ ಮೂಲವನ್ನು ಹುಡುಕುವ ಕ್ರಮ

ಕೃಷಿ ಪ್ರಯೋಗದಲ್ಲಿ ಹೋಲಿಕೆಗೆಂದು ಏನೂ ಮಾಡದ ಒಂದು ಮಡಿಯನ್ನು ಬಿಡುವುದುಂಟು. ಗಾಡಿಯಲ್ಲಿ ಈ ಮಡಿ ಮೊದಲೇ ಸಿದ್ಧವಾಗಿದೆ: ಒಂದು ಬಾಗಿಲು ಕಿರುಗುಟ್ಟಿದರೆ ಇನ್ನೊಂದು ಬಾಗಿಲನ್ನು ಹೋಲಿಸಿ ನೋಡಿರಿ. ಚಾಲಕನ ಬಾಗಿಲು ದಿನಕ್ಕೆ ಹತ್ತಾರು ಸಲ ತೆರೆದು ಮುಚ್ಚುವುದರಿಂದ ಸಾಮಾನ್ಯವಾಗಿ ಅದೇ ಮೊದಲು ಸವೆಯುತ್ತದೆ. ಇನ್ನೊಂದು ನಿಯಮವನ್ನೂ ಮರೆಯಬಾರದು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು. ಎಲ್ಲ ಕಡೆಗೂ ಒಮ್ಮೆಲೇ ಎಣ್ಣೆ ಹಾಕಿದರೆ ಸದ್ದು ನಿಂತರೂ ಯಾವುದರಿಂದ ನಿಂತಿತೆಂದು ತಿಳಿಯುವುದಿಲ್ಲ.

ಮೊದಲು ಗಾಡಿಯೊಳಗಿನ ಬಿಡಿ ಸಾಮಾನುಗಳನ್ನು ತೆಗೆಯಿರಿ. ಬಾಗಿಲ ಜೇಬಿನಲ್ಲಿಟ್ಟ ಪಾನಾ, ನೀರಿನ ಬಾಟಲಿ, ಚಿಲ್ಲರೆ ಹಣ ಇವೇ ಎಷ್ಟೋ ಸಲ ಸದ್ದಿಗೆ ಕಾರಣ. ಆಮೇಲೆ ಕೆಳಗಿನ ಪರೀಕ್ಷೆಗಳನ್ನು ಒಂದೊಂದಾಗಿ ಮಾಡಿರಿ.

ನಿಂತ ಗಾಡಿಯಲ್ಲಿ:

(ಅ) ಎಂಜಿನ್ ಬಂದ್ ಮಾಡಿ, ಬಾಗಿಲನ್ನು ಬಹಳ ನಿಧಾನವಾಗಿ ತೆರೆಯಿರಿ. ಇನ್ನೊಬ್ಬರು ಮೇಲಿನ ಬಿಜಾಗರಿಯ ಮೇಲೆ, ಆಮೇಲೆ ಕೆಳಗಿನದರ ಮೇಲೆ ಬೆರಳ ತುದಿಯನ್ನು ಮೆಲ್ಲಗೆ ಇಡಲಿ. ಬೆರಳು ಸಂದಿಯೊಳಗೆ ಹೋಗದಂತೆ ಎಚ್ಚರವಿರಲಿ. ಸದ್ದಿನೊಡನೆ ಎಲ್ಲಿ ನಡುಕ ತಿಳಿಯುತ್ತದೆಯೋ ಅದೇ ಮೂಲ. ಎರಡು ಮೊಳದ ರಬ್ಬರ್ ಕೊಳವೆಯ ಒಂದು ತುದಿಯನ್ನು ಕಿವಿಗೆ ಹಿಡಿದು ಇನ್ನೊಂದು ತುದಿಯನ್ನು ಒಂದೊಂದೇ ಭಾಗದ ಹತ್ತಿರ ಒಯ್ದರೆ ಇನ್ನೂ ಸ್ಪಷ್ಟವಾಗಿ ಕೇಳುತ್ತದೆ.

(ಆ) ಬಾಗಿಲನ್ನು ಅರ್ಧ ತೆರೆದು, ಅದರ ಹಿಡಿಕೆಯ ಬದಿಯ ಕೆಳತುದಿಯನ್ನು ಎರಡೂ ಕೈಗಳಿಂದ ಹಿಡಿದು ಮೇಲಕ್ಕೆ ಎತ್ತಿ ನೋಡಿರಿ. ಬಾಗಿಲು ‘ಟಕ್’ ಎಂದು ಮೇಲೆ ಕೆಳಗೆ ಆಡಿದರೆ ಬಿಜಾಗರಿಯ ಮೊಳೆ ಇಲ್ಲವೆ ಅದರ ಬುಷ್ ಸವೆದಿದೆ, ಅಥವಾ ಬೋಲ್ಟು ಸಡಿಲಾಗಿದೆ. ಇದು ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ.

(ಇ) ಸುದ್ದಿಪತ್ರಿಕೆಯ ಎರಡು ಬೆರಳಗಲದ ಪಟ್ಟಿಯನ್ನು ಬಾಗಿಲಿಗೂ ಚೌಕಟ್ಟಿಗೂ ನಡುವೆ ಇಟ್ಟು ಬಾಗಿಲು ಮುಚ್ಚಿರಿ. ಪಟ್ಟಿಯನ್ನು ಎಳೆದಾಗ ಬಿಗಿಯಾಗಿ ಬಂದರೆ ರಬ್ಬರ್ ಬೀಡಿಂಗ್ ಸರಿಯಾಗಿ ಕೂತಿದೆ. ತಾನಾಗಿ ಜಾರಿ ಬಂದರೆ ಆ ಜಾಗದಲ್ಲಿ ಬೀಡಿಂಗ್ ಕುಗ್ಗಿದೆ, ಇಲ್ಲವೆ ಬಾಗಿಲು ಹೊರಗೆ ನಿಂತಿದೆ. ಸುತ್ತಲೂ ಏಳೆಂಟು ಕಡೆ ಹೀಗೆ ಪರೀಕ್ಷಿಸಬೇಕು.

(ಈ) ಕಾಜನ್ನು ಅರ್ಧ ಇಳಿಸಿ ಕೈಯಿಂದ ಅಲ್ಲಾಡಿಸಿ ನೋಡಿರಿ. ಹೆಚ್ಚು ಆಡಿದರೆ ಕಾಜು ಜಾರುವ ಓಣಿಯ ರಬ್ಬರ್ ಸವೆದಿದೆ.

ಓಡುವ ಗಾಡಿಯಲ್ಲಿ:

(ಉ) ಸಂಚಾರವಿಲ್ಲದ ಒಂದೇ ದಾರಿಯಲ್ಲಿ, ಒಂದೇ ನಿಧಾನ ವೇಗದಲ್ಲಿ, ಮೊದಲು ಖಾಲಿ ಗಾಡಿಯನ್ನೂ ಆಮೇಲೆ ಹೇರಿದ ಗಾಡಿಯನ್ನೂ ಓಡಿಸಿರಿ. ಹೇರಿದಾಗ ಮಾತ್ರ ಸದ್ದು ಬಂದರೆ ಕ್ಯಾಬಿನ್ ತಿರುಚುತ್ತಿದೆ ಎಂದು ಶಂಕಿಸಬೇಕು. ಕಿವಿಗೊಟ್ಟು ಕೇಳುವ ಕೆಲಸ ಪಕ್ಕದಲ್ಲಿ ಕೂತವರದು. ಚಾಲಕನ ಲಕ್ಷ್ಯ ದಾರಿಯ ಮೇಲೆಯೇ ಇರಬೇಕು.

(ಊ) ಗಾಡಿಯನ್ನು ನಿಲ್ಲಿಸಿ, ಕೊಂಡಿಯ ಸಲಾಕೆಗೆ ತೆಳುವಾದ ಬಟ್ಟೆಯ ಟೇಪನ್ನು ಒಂದು ಸುತ್ತು ಸುತ್ತಿ, ಬಾಗಿಲು ಪೂರ್ತಿ ಹಿಡಿಯುತ್ತದೆಂದು ಖಾತರಿ ಮಾಡಿಕೊಂಡು, ಅದೇ ದಾರಿಯಲ್ಲಿ ನಿಧಾನವಾಗಿ ಮತ್ತೆ ಓಡಿಸಿರಿ. ಸದ್ದು ಕಡಿಮೆಯಾದರೆ ಮೂಲ ಲಾಕು-ಕೊಂಡಿಯಲ್ಲಿದೆ. ಪರೀಕ್ಷೆ ಮುಗಿದೊಡನೆ ಟೇಪನ್ನು ತೆಗೆದುಬಿಡಬೇಕು. ಇದು ಪರೀಕ್ಷೆಯೇ ಹೊರತು ಪರಿಹಾರವಲ್ಲ.

ಸದ್ದಿನ ಬಗೆಯಿಂದಲೂ ಮೂಲವನ್ನು ಊಹಿಸಬಹುದು:

ತೆರೆಯುವಾಗ, ಮುಚ್ಚುವಾಗ ‘ಕಿರ್’ ಎನ್ನುವುದು: ಬಿಜಾಗರಿಯ ಮೊಳೆ ಒಣಗಿದೆ.
ಅರ್ಧ ತೆರೆದಲ್ಲಿ ‘ಕಟ್’ ಎನ್ನುವುದು: ಬಾಗಿಲನ್ನು ತಡೆದು ನಿಲ್ಲಿಸುವ ಪಟ್ಟಿ ಒಣಗಿದೆ ಅಥವಾ ಅದರ ಬೋಲ್ಟು ಸಡಿಲಾಗಿದೆ.
ತಗ್ಗಿನಲ್ಲಿ ‘ಟಕ್ ಟಕ್’ ಎನ್ನುವುದು: ಲಾಕು-ಕೊಂಡಿ ಸಡಿಲು.
ತಿರುವಿನಲ್ಲಿ ‘ಕುಯ್’ ಎಂದು ರಬ್ಬರಿನಂತೆ ಕೂಗುವುದು: ಬೀಡಿಂಗ್ ಒಣಗಿದೆ.
ಎಂಜಿನ್ ನಿಧಾನವಾಗಿ ಓಡುವಾಗ ‘ಗರ್’ ಎನ್ನುವುದು: ಬಾಗಿಲ ಒಳ ಹಲಗೆಯ ಕ್ಲಿಪ್ಪು ಮುರಿದಿದೆ ಅಥವಾ ಕಾಜು ಸಡಿಲು.
ಬಾಗಿಲಿನೊಳಗೆ ನೀರು ತುಳುಕುವುದು: ಕೆಳಗಿನ ತೂತುಗಳು ಮುಚ್ಚಿವೆ.

ಯಾವ ಎಣ್ಣೆ ಯೋಗ್ಯ?

ನಮ್ಮ ಹಿರಿಯರು ಚಕ್ಕಡಿಯ ಅಚ್ಚಿಗೆ ಔಡಲೆಣ್ಣೆಯ ಕೀಲೆಣ್ಣೆ ಹಾಕುತ್ತಿದ್ದರು. ಅಗಸಿ ಎಣ್ಣೆಯನ್ನಾಗಲಿ ಕುಸುಬಿ ಎಣ್ಣೆಯನ್ನಾಗಲಿ ಹಾಕುತ್ತಿರಲಿಲ್ಲ. ಇದರಲ್ಲಿ ವಿಜ್ಞಾನವಿದೆ. ಅಗಸಿ ಮತ್ತು ಕುಸುಬಿ ಎಣ್ಣೆಗಳು ಗಾಳಿಯ ಆಮ್ಲಜನಕವನ್ನು ಹೀರಿ ಕ್ರಮೇಣ ಒಣಗಿ ಪೊರೆಗಟ್ಟುತ್ತವೆ. ಅಗಸಿ ಎಣ್ಣೆಯನ್ನು ಬಣ್ಣ ತಯಾರಿಸಲು ಬಳಸುವುದು ಈ ಗುಣದಿಂದಲೇ. ಔಡಲೆಣ್ಣೆ ಹಾಗೆ ಒಣಗುವುದಿಲ್ಲ, ದಪ್ಪವಾಗಿದ್ದು ಲೋಹಕ್ಕೆ ಅಂಟಿ ನಿಲ್ಲುತ್ತದೆ. 1914ರಿಂದ 1918ರ ಮಹಾಯುದ್ಧದ ಕಾಲದಲ್ಲಿ ಎಷ್ಟೋ ವಿಮಾನಗಳ ಎಂಜಿನ್ನುಗಳಿಗೂ ಔಡಲೆಣ್ಣೆಯನ್ನೇ ಹಾಕುತ್ತಿದ್ದರು.

ಹೀಗಾಗಿ ಅಡಿಗೆ ಎಣ್ಣೆ ಬಾಗಿಲಿಗೆ ಯೋಗ್ಯವಲ್ಲ. ಕುಸುಬಿ ಎಣ್ಣೆ ನಾಲ್ಕು ದಿನ ಸದ್ದು ನಿಲ್ಲಿಸಿ, ಆಮೇಲೆ ಅಂಟಾಗಿ ಧೂಳು ಹಿಡಿದು ಮೊದಲಿಗಿಂತ ಹೆಚ್ಚು ಕಿರುಗುಟ್ಟಿಸುತ್ತದೆ. ಶೇಂಗಾ ಎಣ್ಣೆಯೂ ಕಾಲಕ್ರಮದಲ್ಲಿ ಕೆಟ್ಟು ಜಿಗುಟಾಗುತ್ತದೆ. ಎಂಜಿನ್ನಿನಿಂದ ತೆಗೆದ ಸುಟ್ಟ ಆಯಿಲಿನಲ್ಲಿ ಮಸಿ ಮತ್ತು ಲೋಹದ ಕಣಗಳಿರುವುದರಿಂದ ಅದನ್ನೂ ಬಳಸಬಾರದು. ಡಬ್ಲ್ಯು.ಡಿ.-40ರಂಥ ಸ್ಪ್ರೇಗಳು ತುಕ್ಕು ಸಡಿಲಿಸಲು, ಹಳೆಯ ಜಿಗುಟು ತೊಳೆಯಲು ಉತ್ತಮ. ಆದರೆ ಭಾರ ಹೊರುವ ಬಿಜಾಗರಿಗೆ ಅವುಗಳ ತೆಳುವಾದ ಪದರ ಬಹುಕಾಲ ಸಾಲದು. ಅವುಗಳ ನಂತರ ಹೊಸ ಎಂಜಿನ್ ಆಯಿಲ್ ಇಲ್ಲವೆ ಲಿಥಿಯಂ ಗ್ರೀಸ್ ಹಚ್ಚಲೇಬೇಕು.

ರಬ್ಬರಿಗೆ ಮಾತ್ರ ಆಯಿಲ್, ಗ್ರೀಸ್, ಡೀಸೆಲ್ ಯಾವುದೂ ತಾಗಬಾರದು. ಅವುಗಳಿಂದ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ರಬ್ಬರಿಗೆ ಸಿಲಿಕಾನ್ ಸ್ಪ್ರೇ ಅಥವಾ ಸಿಲಿಕಾನ್ ಗ್ರೀಸ್ ಯೋಗ್ಯ. ಅದು ಸಿಗದಿದ್ದರೆ ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರನ್ನು ತೆಳುವಾಗಿ ಸವರಿದರೂ ತಾತ್ಕಾಲಿಕವಾಗಿ ಸದ್ದು ನಿಲ್ಲುತ್ತದೆ.

ಪರಿಹಾರ ಕ್ರಮಗಳು

1. ಬಿಜಾಗರಿ: ಹಳೆಯ ಹಲ್ಲುಜ್ಜುವ ಬ್ರಷನ್ನು ಸ್ವಲ್ಪ ಡೀಸೆಲ್‌ನಲ್ಲಿ ಅದ್ದಿ ಹಳೆಯ ಜಿಗುಟನ್ನು ತಿಕ್ಕಿ ತೆಗೆದು, ಒಣ ಅರಿವೆಯಿಂದ ಒರೆಸಿರಿ. ಹತ್ತಿರ ಬೀಡಿ, ಬೆಂಕಿ ಇರಬಾರದು. ಮೊಳೆಯ ಮೇಲ್ತುದಿಯಲ್ಲಿ ಮೂರು ನಾಲ್ಕು ಹನಿ ಎಂಜಿನ್ ಆಯಿಲ್ ಬಿಟ್ಟು, ಬಾಗಿಲನ್ನು ಹತ್ತು ಹದಿನೈದು ಸಲ ತೆರೆದು ಮುಚ್ಚಿದರೆ ಎಣ್ಣೆ ಒಳಗೆ ಇಳಿಯುತ್ತದೆ. ಕೆಂಪು ನೀರಿನಂತೆ ತುಕ್ಕು ಹೊರಬಂದರೆ ಒರೆಸಿ, ಎಣ್ಣೆ ಸ್ವಚ್ಛವಾಗಿ ಬರುವವರೆಗೆ ಹಾಗೆಯೇ ಮಾಡಬೇಕು. ಕೊನೆಗೆ ಹೊರಗೆ ಉಳಿದ ಎಣ್ಣೆಯನ್ನು ಪೂರ್ತಿ ಒರೆಸುವುದು ಅವಶ್ಯ. ಹೊರಗೆ ಉಳಿದ ಎಣ್ಣೆ ಧೂಳಿಗೆ ಆಮಂತ್ರಣವಿದ್ದಂತೆ.

ಎತ್ತಿ ನೋಡಿದಾಗ ಬಾಗಿಲು ಆಡುತ್ತಿದ್ದರೆ ಎಣ್ಣೆಯಿಂದ ಪ್ರಯೋಜನವಿಲ್ಲ. ಬೋಲ್ಟುಗಳನ್ನು ಸರಿಯಾದ ಅಳತೆಯ ಪಾನಾದಿಂದ ಬಿಗಿಮಾಡಿ ನೋಡಬೇಕು. ಆದರೂ ಆಡಿದರೆ ಮೊಳೆ ಮತ್ತು ಬುಷ್ ಬದಲಿಸಲೇಬೇಕು. ಬಾಗಿಲನ್ನು ಇಳಿಸುವ ಈ ಕೆಲಸವನ್ನು ಗ್ಯಾರೇಜಿನಲ್ಲಿಯೇ ಮಾಡಿಸುವುದು ಲೇಸು. ಬಿಜಾಗರಿ ಕೂಡಿಸಿದ ಕಂಬದ ತಗಡಿನಲ್ಲಿ ಕೂದಲೆಳೆಯಂಥ ಸೀಳು ಕಂಡರೆ ಗಾಡಿಯನ್ನು ಹೇರಿಗೆ ಹಚ್ಚದೆ ಕೂಡಲೇ ತೋರಿಸಬೇಕು.

2. ತಡೆಪಟ್ಟಿ: ಎರಡು ಬಿಜಾಗರಿಗಳ ನಡುವೆ ಇರುವ ಈ ಪಟ್ಟಿಯನ್ನು ಒರೆಸಿ ಎರಡೂ ಬದಿಗೆ ತೆಳುವಾಗಿ ಗ್ರೀಸ್ ಹಚ್ಚಿರಿ.

3. ಲಾಕು ಮತ್ತು ಕೊಂಡಿ: ಕೊಂಡಿಯನ್ನು ಸಡಿಲಿಸುವ ಮೊದಲು ಅದರ ಸುತ್ತ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಗೆರೆಯಿದ್ದರೆ ತಪ್ಪಿದರೂ ಮೊದಲಿನ ಜಾಗಕ್ಕೆ ತರಬಹುದು. ತಿರುಪುಗಳನ್ನು ತುಸುವೇ ಸಡಿಲಿಸಿ, ಕೊಂಡಿಯನ್ನು ಒಂದು ಸಲಕ್ಕೆ ಒಂದು ಮಿಲಿಮೀಟರಿನಷ್ಟು ಮಾತ್ರ ಸರಿಸಿ, ಬಿಗಿಮಾಡಿ ಪರೀಕ್ಷಿಸಿರಿ. ಬಾಗಿಲು ಹೊರಗೆ ನಿಂತಿದ್ದರೆ ಕೊಂಡಿಯನ್ನು ಒಳಗೆ ಸರಿಸಬೇಕು. ಮುಚ್ಚುವಾಗ ಬಾಗಿಲು ಮೇಲೆದ್ದು ಕೂಡ್ರುತ್ತಿದ್ದರೆ ದೋಷ ಕೊಂಡಿಯದಲ್ಲ, ಜಗ್ಗಿದ ಬಿಜಾಗರಿಯದು; ಮೊದಲು ಅದನ್ನು ಸರಿಪಡಿಸಬೇಕು. ಕೆಲಸ ಮುಗಿದ ಮೇಲೆ ಮುಚ್ಚುವಾಗ ಎರಡು ಹಿಡಿತಗಳೂ ಕೈಗೆ ತಿಳಿಯಬೇಕು, ಬಾಗಿಲು ಚೌಕಟ್ಟಿಗೆ ಸಮನಾಗಿ ನಿಲ್ಲಬೇಕು, ಒಳಗಿನಿಂದಲೂ ಹೊರಗಿನಿಂದಲೂ ಸರಾಗವಾಗಿ ತೆರೆಯಬೇಕು. ಇಷ್ಟಾಗದೆ ಗಾಡಿಯನ್ನು ದಾರಿಗೆ ತರಬಾರದು.

4. ರಬ್ಬರ್ ಬೀಡಿಂಗ್: ಸಾಬೂನಿನ ನೀರಿನಿಂದ ತೊಳೆದು, ನೆರಳಿನಲ್ಲಿ ಒಣಗಿಸಿ, ಅರಿವೆಗೆ ಸಿಲಿಕಾನ್ ಸಿಂಪಡಿಸಿ ಅದರಿಂದ ಒರೆಸಿರಿ. ಹರಿದ ಅಥವಾ ಚಪ್ಪಟೆಯಾದ ಬೀಡಿಂಗನ್ನು ಬದಲಿಸುವುದು ಯೋಗ್ಯ. ಬೀಡಿಂಗ್ ಸರಿಯಿದ್ದರೆ ಧೂಳೂ ಮಳೆನೀರೂ ಒಳಗೆ ಬರುವುದಿಲ್ಲ.

5. ನೀರು ಹರಿಯುವ ತೂತುಗಳು: ಕಾಜಿನ ಬದಿಯಿಂದ ಬಾಗಿಲೊಳಗೆ ಇಳಿದ ಮಳೆನೀರು ಹೊರಹೋಗಲು ಬಾಗಿಲ ತಳದಲ್ಲಿ ಸಣ್ಣ ತೂತುಗಳಿರುತ್ತವೆ. ಮಣ್ಣು, ರವದಿಯ ಚೂರು, ಸೋಯಾ ಅವರೆಯ ಹೊಟ್ಟು ಸೇರಿ ಇವು ಮುಚ್ಚಿದರೆ ನೀರು ಒಳಗೇ ನಿಂತು ತಗಡು ಕೊಳೆಯುತ್ತದೆ. ಬಸಿಗಾಲುವೆ ಮುಚ್ಚಿದ ಹೊಲ ಸವಳಾದಂತೆಯೇ ಇದು. ತೆಳ್ಳಗಿನ ಬಿದಿರು ಕಡ್ಡಿಯಿಂದ ತೂತುಗಳನ್ನು ಬಿಡಿಸಿರಿ. ಕಬ್ಬಿಣದ ಮೊಳೆ ಬಳಸಿದರೆ ಬಣ್ಣ ಕಿತ್ತು ತುಕ್ಕಿಗೆ ದಾರಿಯಾಗುತ್ತದೆ.

6. ಕ್ಯಾಬಿನ್ನಿನ ಬುಷ್‌ಗಳು: ಹೇರಿದಾಗ ಮಾತ್ರ ಸದ್ದು ಬರುವ ಗಾಡಿಗಳಲ್ಲಿ ಇವುಗಳನ್ನು ಗ್ಯಾರೇಜಿನಲ್ಲಿ ಪರೀಕ್ಷಿಸಬೇಕು. ಬರಿಯ ಜಾಕ್ ಹಚ್ಚಿದ ಗಾಡಿಯ ಕೆಳಗೆ ಎಂದೂ ನುಸುಳಬಾರದು. ಬುಷ್ ಬದಲಿಸಿದರೂ ಹೇರು ಮಿತಿಯಲ್ಲಿರದಿದ್ದರೆ ಸದ್ದು ಮರಳಿ ಬರುವುದು ಖಂಡಿತ. ಗಾಡಿಯ ನೋಂದಣಿ ಪತ್ರದಲ್ಲಿ ಬರೆದ ತೂಕವೇ ಮಿತಿ.

ವರ್ಷಕ್ಕೆ ಮೂರು ಸಲ

ಈ ಕೆಲಸಕ್ಕೆ ಬೇರೆ ಪಂಚಾಂಗ ಬೇಡ. ಎತ್ತುಗಳನ್ನು ಮೈತೊಳೆದು ಸಿಂಗರಿಸುವ ಕಾರಹುಣ್ಣಿಮೆಯ ಹೊತ್ತಿಗೆ ಬೀಡಿಂಗ್ ಮತ್ತು ನೀರಿನ ತೂತುಗಳನ್ನು ನೋಡಿಕೊಂಡರೆ ಮಳೆಗಾಲಕ್ಕೆ ಗಾಡಿ ಸಿದ್ಧ. ದಸರೆಯ ಖಂಡೇಪೂಜೆಗೆ ಗಾಡಿಯನ್ನು ತೊಳೆಯುವಾಗ ಬಿಜಾಗರಿಗಳ ತುಕ್ಕು ತೆಗೆದು ಎಣ್ಣೆ ಹಾಕಿರಿ. ನೀರಿನ ರಭಸದ ಪೈಪನ್ನು ಮಾತ್ರ ಬಿಜಾಗರಿ, ಲಾಕುಗಳಿಗೆ ನೇರವಾಗಿ ಹಿಡಿಯಬಾರದು. ಕಬ್ಬಿನ ಹಂಗಾಮಿನ ನಡುವೆ ಬರುವ ಸಂಕ್ರಾಂತಿಗೆ ಧೂಳನ್ನು ಒರೆಸಿ ಮತ್ತೊಮ್ಮೆ ಎಣ್ಣೆ ಹಾಕಿ, ಬಾಗಿಲನ್ನು ಎತ್ತಿ ನೋಡುವ ಪರೀಕ್ಷೆ ಮಾಡಿರಿ. ಗೊಬ್ಬರ ಅಥವಾ ಔಷಧಿ ಚೆಲ್ಲಿದ ದಿನ ಮಾತ್ರ ಹಬ್ಬಕ್ಕೆ ಕಾಯದೆ ಅಂದೇ ನೀರಿನಿಂದ ತೊಳೆದು ಒಣಗಿಸಬೇಕು. ಔಷಧಿಯಾದರೆ ಕೈಚೀಲ ಹಾಕಿಕೊಂಡು ತೊಳೆಯಿರಿ. ತೊಳೆದ ನೀರು ಬಾವಿ, ಹಳ್ಳಗಳಿಗೆ ಸೇರದಿರಲಿ.

ಮೇಲೆ ಹೇಳಿದ ಕೆಲಸಗಳಲ್ಲಿ ಹೆಚ್ಚಿನವುಗಳಿಗೆ ಬೇಕಾಗುವುದು ಒಂದು ಬ್ರಷ್, ಒಂದು ಅರಿವೆ, ಸ್ವಲ್ಪ ಎಣ್ಣೆ, ಒಂದು ತಾಸಿನ ಬಿಡುವು ಮಾತ್ರ. ಬಾಗಿಲು ಜಗ್ಗಿ, ಲಾಕು ಸವೆದು, ತಗಡು ಕೊಳೆತ ಮೇಲೆ ಆಗುವ ಖರ್ಚು ಇದಕ್ಕಿಂತ ಎಷ್ಟೋ ಪಾಲು ಹೆಚ್ಚು. ಆದುದರಿಂದ ರೈತ ಬಾಂಧವರು ಮುಂದಿನ ಸಲ ಪೇಟೆಗೆ ಹೊರಡುವ ಮೊದಲು ಬಾಗಿಲನ್ನು ಒಮ್ಮೆ ಎತ್ತಿ ನೋಡಿ, ಎರಡು ಹಿಡಿತಗಳೂ ಬಿದ್ದುದನ್ನು ಖಚಿತಪಡಿಸಿಕೊಂಡು, ಆಮೇಲೆಯೇ ಮಕ್ಕಳನ್ನು ಆ ಬದಿಗೆ ಕೂಡ್ರಿಸಬೇಕು.